ಕೆರೆಯ ಏರಿಯ ಮೇಲೆ ‘ಕೆರೆಗೆ ಹಾರ’: ನನ್ನ ಅನುಭವ

ತುಮಕೂರು ಜಿಲ್ಲೆಯ ಬಯಲುಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಬೋಧಿಸುತ್ತೇನೆ. ಕೆಲವು ವರ್ಷಗಳ ಹಿಂದೆ ತರಬೇತಿಯೊಂದರಿಂದ ಮರಳಿದಾಗ, ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಪಟವನ್ನು ತಂದು ಒಂಬತ್ತನೆಯ ತರಗತಿಯ ಗೋಡೆಗೆ ಅಂಟಿಸಿದೆ. ನಾಲ್ಕನೆಯ ಗುರಿ ಗುಣಮಟ್ಟದ ಶಿಕ್ಷಣ. ಅದರೊಳಗಿನ 4.7ನೆಯ ಅಂಶವು 2030ರೊಳಗೆ ಎಲ್ಲ ಕಲಿಯುವವರಿಗೂ ಸುಸ್ಥಿರ ಅಭಿವೃದ್ಧಿಗೆ ಬೇಕಾದ ಅರಿವು ಮತ್ತು ಕೌಶಲ ದೊರೆಯಬೇಕೆಂದು ಹೇಳುತ್ತದೆ; ಲಿಂಗ ಸಮಾನತೆಯನ್ನೂ ಸಂಸ್ಕೃತಿಯ ಕೊಡುಗೆಯನ್ನೂ ಅಲ್ಲಿಯೇ ಹೆಸರಿಸುತ್ತದೆ. ಸಂಸ್ಕೃತಿ ಎಂಬ ಮಾತು ಕಂಡದ್ದೇ ಭಾಷಾ ಶಿಕ್ಷಕಿಯಾದ ನನಗೆ ಹುರುಪು ಬಂದಿತು. ಓದಿದ ಪದ್ಯಗಳನ್ನೂ ಗುರಿಗಳನ್ನೂ ಹೊಂದಿಸಿ ಬರೆಯಿರಿ ಎಂದೆ. ಮಕ್ಕಳು ಹೊಂದಿಸಿ ಬರೆದರು: ನೀರಿನ ಪದ್ಯಕ್ಕೆ ಆರನೆಯ ಗುರಿ, ಹೆಣ್ಣಿನ ಪದ್ಯಕ್ಕೆ ಐದನೆಯ ಗುರಿ. ಉತ್ತರಗಳೆಲ್ಲ ಸರಿಯಾಗಿದ್ದವು, ಎಲ್ಲ ನೋಟ್‌ಬುಕ್ಕುಗಳಲ್ಲಿಯೂ ಒಂದೇ ಆಗಿದ್ದವು, ಮತ್ತು ಒಂದರಲ್ಲಿಯೂ ಯಾವ ಮಗುವಿನ ದನಿಯೂ ಇರಲಿಲ್ಲ.

ಮರುವರ್ಷ ಪಟವನ್ನು ಗೋಡೆಯಲ್ಲಿಯೇ ಬಿಟ್ಟು, ಒಂದೇ ಒಂದು ರಚನೆಯನ್ನು ಹಿಡಿದುಕೊಂಡೆ. ಅದು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ (ಶಾಸ್ತ್ರದ ಪುಸ್ತಕ) ನೋಡಿದವರು ಮನೆಯ ಸೊಸೆಯನ್ನು ಬಲಿ ಕೊಡಬೇಕೆನ್ನುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನ ಮಾಡುವವರು ಇರುವುದಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತು ಮಾಡುತ್ತಾರೆ. ಹಾಡಿನ ಭಾಷೆ ಉತ್ತರ ಕರ್ನಾಟಕದ್ದಾದುದರಿಂದ ನಮ್ಮ ಸೀಮೆಯ ಮಕ್ಕಳಿಗೆ ಮೊದಲು ನಗು ಬರುತ್ತದೆ. ಆ ನಗುವನ್ನು ನಾನು ತಡೆಯುವುದಿಲ್ಲ. ಭಾಗೀರಥಿ ತವರಿಗೆ ಹೋಗಿ, ಹೆತ್ತವರಿಗೆ ನಿಜವನ್ನು ಹೇಳಲಾರದೆ, ಗೆಳತಿಯೊಬ್ಬಳ ಮುಂದೆ ಮಾತ್ರ ಬಾಯಿಬಿಡುವ ಜಾಗಕ್ಕೆ ಬರುವಷ್ಟರಲ್ಲಿ ಅದು ತಾನೇ ನಿಂತಿರುತ್ತದೆ. ಆ ಗೆಳತಿಯೂ, ಕೊಟ್ಟ ಮನೆಯವರು ಇಟ್ಟ ಹಾಗೆ ಇರಬೇಕೆಂದೇ ಬುದ್ಧಿ ಹೇಳುತ್ತಾಳೆ. “ಮಿಸ್, ಊರಿಗೆಲ್ಲ ನೀರು ಬೇಕು, ಸಾಯೋದಕ್ಕೆ ಮಾತ್ರ ಅವಳೊಬ್ಬಳೇನಾ?” ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದ್ದು ಇದೇ ಜಾಗದಲ್ಲಿ. ಅಭಿವೃದ್ಧಿಯ ಲಾಭ ಯಾರಿಗೆ, ಅದರ ಹೊರೆ ಯಾರ ತಲೆಗೆ ಎಂಬುದನ್ನು ನಾನು ಹಿಂದಿನ ವರ್ಷ ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಬರೆದುಕೊಟ್ಟಿದ್ದೆ. ಯಾರೂ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ.

ಮುಂದಿನ ಶನಿವಾರ ಮಕ್ಕಳನ್ನು ನಮ್ಮೂರ ಕೆರೆಯ ಏರಿಗೆ ಕರೆದುಕೊಂಡು ಹೋದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳನ್ನು ನಾನು ಅರ್ಥಕೋಶದಿಂದ ಬಲ್ಲೆ, ಅವರಲ್ಲಿ ಅರ್ಧ ಮಕ್ಕಳು ಮನೆಯಿಂದ ಬಲ್ಲರು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಕೆಲಸವನ್ನು ವಿವರಿಸಿದವನು ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಹುಡುಗ. ಅವನ ತಾತ ಆ ಕೆಲಸ ಮಾಡಿದವರು. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು, ಹೂಳು ತೂಬಿನ ಬಾಯಿಯವರೆಗೆ ಬಂದಿತ್ತು, ಕೆರೆಗೆ ನೀರು ತರುವ ಹಳ್ಳ ಎರಡು ಕಡೆ ಹೊಲವಾಗಿ ಹೋಗಿತ್ತು.

ಅನಂತರ ತರಗತಿಯಲ್ಲಿ ಗ್ರಾಮಸಭೆಯೊಂದನ್ನು ಆಡಿಸಿದೆ. ಕೆರೆಗೆ ನೀರು ಬಂದಿಲ್ಲ, ಬಲಿಯ ಸಲಹೆ ಸಭೆಯ ಮುಂದಿದೆ, ಭಾಗೀರಥಿಯೂ ಸಭೆಯಲ್ಲಿ ಕುಳಿತಿದ್ದಾಳೆ. ನಡೆದ ಮಾತುಗಳನ್ನು ನಡಾವಳಿಯಾಗಿ ಬರೆಯಬೇಕು ಎಂಬುದು ನಾನು ಕೊಟ್ಟ ಕೆಲಸ. ಮಲ್ಲನಗೌಡನಾದ ಹುಡುಗ ತನ್ನ ದುಡ್ಡು ಮಣ್ಣುಪಾಲಾದ ಲೆಕ್ಕವನ್ನು ಮುಂದಿಟ್ಟ. ನೀರುಗಂಟಿಯ ಮೊಮ್ಮಗ ಎದ್ದು, “ಬಲಿ ಆಮೇಲೆ, ಮೊದಲು ಹಳ್ಳ ನೋಡಿ” ಎಂದ. ನರೇಗಾ ಕೆಲಸದಲ್ಲಿ ಹೂಳು ಹೊರುವ ತಾಯಿಯ ಮಗಳೊಬ್ಬಳು, ಕೆರೆಗೆ ದಿನವೂ ಹೆಂಗಸರು ಬೇಕು, ಸಭೆಯಲ್ಲಿ ಮಾತ್ರ ಬೇಡವೇ ಎಂದು ಬರೆದಳು. ಆ ನಡಾವಳಿಗಳಲ್ಲಿ ಕಾಗುಣಿತದ ತಪ್ಪುಗಳು ಹೇರಳವಾಗಿದ್ದವು. ತಿದ್ದುವಾಗ ಕೆಂಪು ಶಾಯಿಯನ್ನು ಕೊಂಚ ಕಡಿಮೆ ಬಳಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಇಲ್ಲಿಯೇ ನನ್ನಿಂದ ಇನ್ನೊಂದು ತಪ್ಪಾಯಿತು. ಹಳ್ಳ ನೋಡಿ ಎಂಬ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ, ತರಗತಿ ಇಡಿಯಾಗಿ ಕೆರೆಯ ರಿಪೇರಿಯ ಕಡೆಗೆ ತಿರುಗಿ, ಹಾಡು ಹಿಂದೆ ಉಳಿಯಿತು. ಭಾಗೀರಥಿ ಒಂದೊಂದು ಮೆಟ್ಟಿಲು ಏರಿದಂತೆ ಗಂಗೆಯೂ ಪಾದದಿಂದ ಮೇಲೆ ಮೇಲೆ ಏರಿಬರುವುದನ್ನು, ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು ಅದೇ ಕೆರೆಗೆ ಹಾರುವುದನ್ನು ಮಕ್ಕಳು ಓದಿದ್ದರೇ ಹೊರತು ಕೇಳಿಸಿಕೊಂಡಿರಲಿಲ್ಲ. ಈಗ ಮೊದಲ ಎರಡು ಅವಧಿಗಳಲ್ಲಿ ಹಾಡನ್ನು ಓದುವುದು, ಹಾಡುವುದು, ಸುಮ್ಮನೆ ಕುಳಿತುಕೊಳ್ಳುವುದು ಬಿಟ್ಟರೆ ಬೇರೇನನ್ನೂ ಮಾಡಿಸುವುದಿಲ್ಲ. ದುಃಖವೇ ತಟ್ಟದಿದ್ದರೆ ನ್ಯಾಯದ ಪ್ರಶ್ನೆ ಬರಿಯ ಪ್ರಶ್ನೋತ್ತರವಾಗಿ ಬಿಡುತ್ತದೆ ಎಂಬುದು ನನ್ನ ಈಗಿನ ಅಭಿಪ್ರಾಯ.

2022ರ ಮಳೆಗಾಲದಲ್ಲಿ ಜಿಲ್ಲೆಯ ಅನೇಕ ಕೆರೆಗಳಂತೆ ನಮ್ಮೂರ ಕೆರೆಯೂ ಬಹಳ ವರ್ಷಗಳ ಮೇಲೆ ಕೋಡಿ ಬಿದ್ದಿತು. ಬಾಗಿನ ಬಿಡುವ ಸಂಭ್ರಮದ ನಡುವೆಯೇ ಏರಿಯ ಒಂದು ಮಗ್ಗುಲಲ್ಲಿ ನೀರು ಜಿನುಗತೊಡಗಿ, ಊರವರು ಎರಡು ರಾತ್ರಿ ಮರಳಿನ ಮೂಟೆ ಹೊತ್ತರು. ಆ ವಾರ ಮದಗದ ಕೆರೆಯ ಜನಪದ ಹಾಡನ್ನು ತರಗತಿಗೆ ತಂದೆ. ಅದರಲ್ಲಿ ಮಾಯದಂಥ ಮಳೆ ಬಂದು ಕೆರೆ ತುಂಬಿ, ನಾನು ನಿಲ್ಲುವವಳಲ್ಲ ಎಂದು ಗಂಗೆಯೇ ಹೇಳಿ ಕಳಿಸುತ್ತಾಳೆ; ಏರಿಯನ್ನು ಉಳಿಸಲು ಸಾವಿರಗಟ್ಟಲೆ ಒಡ್ಡರನ್ನೂ ಗುದ್ದಲಿಗಳನ್ನೂ ತರಿಸುವ ಮಾತು ಬರುತ್ತದೆ. ಒಂದು ಹಾಡಿನಲ್ಲಿ ನೀರು ಬಾರದ ಸಂಕಟ, ಇನ್ನೊಂದರಲ್ಲಿ ನೀರು ನಿಲ್ಲದ ಸಂಕಟ. ಹವಾಮಾನ ಬದಲಾವಣೆಯ ಪಾಠವನ್ನು ವಿಜ್ಞಾನದ ಶಿಕ್ಷಕರು ಅಲ್ಲಿಂದಲೇ ಮುಂದುವರಿಸಿದರು. ನಾವಿಬ್ಬರೂ ಒಂದು ತರಗತಿಯನ್ನು ಜೊತೆಯಾಗಿ ತೆಗೆದುಕೊಂಡದ್ದು ಅದೇ ಮೊದಲು.

ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಾರಾಂಶ ಬರೆಯಿರಿ ಎಂದು ಕೇಳುವ ಪ್ರಶ್ನೆಪತ್ರಿಕೆಯಲ್ಲಿ ಅದು ಕಾಣಬೇಕಾಗಿಯೂ ಇಲ್ಲ. ತಪಾಸಣೆಗೆ ಬಂದವರೊಬ್ಬರು ನಡಾವಳಿಗಳನ್ನು ಪಕ್ಕಕ್ಕಿಟ್ಟು, ಗೋಡೆಯ ಪಟವನ್ನು ಮೆಚ್ಚಿ ಫೋಟೋ ತೆಗೆದುಕೊಂಡು ಹೋದರು.

ಈ ವರ್ಷದ ಮಕ್ಕಳಿಗೆ ನಮ್ಮ ಕೆರೆಯನ್ನು ಕಟ್ಟಿಸಿದವರು ಯಾರೆಂದು ತಿಳಿಯುವ ಹಟ ಹುಟ್ಟಿದೆ. ಏರಿಯ ಮೇಲಿರುವ ಒಂದು ಶಾಸನದ ಕಲ್ಲು ಓದಲಾರದಷ್ಟು ಸವೆದಿದೆ. ಊರ ಹಿರಿಯರಿಗೂ ಕಟ್ಟಿಸಿದವರ ಹೆಸರು ತಿಳಿಯದು. ನಾಲ್ಕು ತಲೆಮಾರಿನ ನೀರುಗಂಟಿಗಳ ಹೆಸರುಗಳನ್ನು ಮಾತ್ರ ಅವರು ಒಂದೊಂದಾಗಿ ಹೇಳಿದರು. ಮಕ್ಕಳು ಅವನ್ನು ಬರೆದುಕೊಂಡು ಬಂದು, ಆ ಮನೆಗಳ ಹೆಂಗಸರ ಹೆಸರುಗಳನ್ನು ಕೇಳಲು ಮರೆತೆವೆಂದು ಮತ್ತೆ ಹೊರಟಿದ್ದಾರೆ.