ಹಾಕಿ ಆಯ್ಕೆಯಲ್ಲಿ ನಾನು ಲೆಫ್ಟ್ ಹಾಫ್ ಕೇಳಿದ್ದು ಯಾಕೆ

ಗದಗ-ಬೆಟಗೇರಿಯಲ್ಲಿ ಹಾಕಿಗೆ ಹಳೆಯ ನಂಟಿದೆ. ಅಣ್ಣ ಆಡಿದ ಸ್ಟಿಕ್ ತಮ್ಮನ ಕೈಗೆ ಬರುತ್ತದೆ. ಹಾಗಾಗಿ 17 ವರ್ಷದೊಳಗಿನವರ ಜಿಲ್ಲಾ ತಂಡದ ಆಯ್ಕೆ ಅಂದರೆ ಪೈಪೋಟಿ ಜೋರು. ಚಿಕ್ಕಂದಿನಿಂದ ಆಡಿದವರೇ ಎಲ್ಲರೂ. ಅವರ ನಡುವೆ ನಾನು ಹೇಗೆ ತಯಾರಾದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲ ಚಿಂತೆ ಟರ್ಫ್‌ನದು, ಅಂದರೆ ಕೃತಕ ಹುಲ್ಲಿನ ಮೈದಾನದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಟರ್ಫ್ ಮೇಲೆ ಬಂತು, ಆಮೇಲೆ ನಿಧಾನವಾಗಿ ದೊಡ್ಡ ಪಂದ್ಯಗಳೆಲ್ಲ ಅದರ ಮೇಲೇ ನಡೆಯತೊಡಗಿದವು. ನಾವು ಕಲಿತದ್ದು ಮಾತ್ರ ಮಣ್ಣಿನ ಮೈದಾನದಲ್ಲಿ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಹರಳಿಗೆ ತಾಗಿ ದಿಕ್ಕು ತಪ್ಪುತ್ತದೆ. ನೀರು ಹೊಡೆದ ಟರ್ಫ್‌ನಲ್ಲಿ ಅದು ಜಾರಿಕೊಂಡು ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಟಿಕ್ ದಾಟಿರುತ್ತದೆ. ಅದಕ್ಕೆ ನಾನೂ ಗೆಳೆಯನೂ ನುಣ್ಣನೆ ಸಿಮೆಂಟ್ ನೆಲಕ್ಕೆ ನೀರು ಚೆಲ್ಲಿ, ಅದರ ಮೇಲೆ ಪುಶ್ (ಚೆಂಡನ್ನು ಸ್ಟಿಕ್‌ನಿಂದ ತಳ್ಳುವುದು) ಮತ್ತು ಟ್ರ್ಯಾಪ್ (ಬಂದ ಚೆಂಡನ್ನು ಸ್ಟಿಕ್‌ನಲ್ಲಿ ತಡೆದು ನಿಲ್ಲಿಸುವುದು) ಮಾಡುತ್ತಿದ್ದೆವು. ಮೊಣಕಾಲು ಚೆನ್ನಾಗಿ ಬಗ್ಗಬೇಕು. ಎಡಗೈ ಬಿಗಿ, ಬಲಗೈ ಸಡಿಲ. ಬಲಗೈ ಬಿಗಿಯಾದರೆ ಚೆಂಡು ಸ್ಟಿಕ್‌ಗೆ ಬಡಿದು ಮುಂದೆ ಹಾರುತ್ತದೆ, ಎದುರಾಳಿಗೆ ಅಷ್ಟೇ ಸಾಕು.

ಎರಡನೆಯದು ಜಾಗದ ಲೆಕ್ಕ. ಆಯ್ಕೆಗೆ ಬರುವವರಲ್ಲಿ ಜಾಸ್ತಿ ಜನಕ್ಕೆ ಫಾರ್ವರ್ಡ್ ಆಗಬೇಕು. ಗೋಲು ಹೊಡೆದರೆ ಹೆಸರು ಬರುತ್ತದೆ, ಅಲ್ವಾ? ಲೆಫ್ಟ್ ಹಾಫ್, ಅಂದರೆ ಮಧ್ಯದ ಸಾಲಿನ ಎಡಬದಿಯ ಜಾಗ ಕೇಳುವವರು ಕಡಿಮೆ. ಅದು ನಿಜಕ್ಕೂ ಕಷ್ಟದ ಜಾಗ. ಹಾಕಿಯಲ್ಲಿ ಸ್ಟಿಕ್‌ನ ಚಪ್ಪಟೆ ಬದಿಯಲ್ಲಿ ಮಾತ್ರ ಆಡಬೇಕು, ಎಡಗೈ ಸ್ಟಿಕ್ ಅಂತ ಬೇರೆ ಇರುವುದಿಲ್ಲ. ಎದುರಾಳಿಯ ರೈಟ್ ವಿಂಗರ್ (ಬಲ ಅಂಚಿನ ಫಾರ್ವರ್ಡ್) ಮೈದಾನದ ಅಂಚಿನ ಗೆರೆ ಹಿಡಿದು ನಮ್ಮ ಎಡಕ್ಕೆ ನುಗ್ಗಿದರೆ ರಿವರ್ಸ್‌ನಲ್ಲೇ, ಅಂದರೆ ಸ್ಟಿಕ್ ತಿರುಗಿಸಿ ಹಿಡಿದೇ ತಡೆಯಬೇಕಾಗುತ್ತದೆ. ನಾನು ಕಲಿತ ಉಪಾಯ ಇಷ್ಟೇ: ಅವನಿಗೆ ನೇರ ಎದುರು ನಿಲ್ಲುವುದಿಲ್ಲ. ಗೆರೆಯ ಕಡೆಗೆ ಸ್ವಲ್ಪ ಸರಿದು ನಿಲ್ಲುತ್ತೇನೆ. ಗೆರೆಯ ದಾರಿ ಮುಚ್ಚುತ್ತದೆ, ಅವನು ಒಳಗೆ ಬರಲೇಬೇಕು. ಒಳಗೆ ನನ್ನ ಬಲಬದಿ ಇದೆ, ಹಿಂದೆ ನಮ್ಮ ಡಿಫೆಂಡರ್ ಇದ್ದಾನೆ. ಟ್ಯಾಕಲ್‌ಗೆ ಅವಸರ ಮಾಡದೆ ಕಾಲು ಹಿಂದಕ್ಕೆ ಇಡುತ್ತಾ, ಚೆಂಡು ಅವನ ಸ್ಟಿಕ್‌ನಿಂದ ಒಂದಿಷ್ಟು ದೂರವಾಗುವುದನ್ನೇ ಕಾಯುತ್ತೇನೆ. ಇದೊಂದನ್ನೇ ಸಂಜೆ ಕತ್ತಲಾಗುವವರೆಗೂ ಆಡುತ್ತಿದ್ದೆವು.

ಆಯ್ಕೆಯ ದಿನ ಮೊದಲು ಓಟ, ಆಮೇಲೆ ಕೋನ್‌ಗಳ ನಡುವೆ ಡ್ರಿಬಲ್. ಅವು ಬೇಗ ಮುಗಿದವು. ನಿಜವಾದ ಪರೀಕ್ಷೆ ಬೆರಕೆ ತಂಡಗಳ ಪಂದ್ಯ. ಗುರುತಿಲ್ಲದ ಹುಡುಗರು, ಎಲ್ಲರಿಗೂ ತಮ್ಮ ಆಟ ತೋರಿಸುವ ಆಸೆ. ಪಾಸ್ ಬರುವುದೇ ಅಪರೂಪ. ನಾನು ಕೂಗಿ ಕೇಳಿದೆ. ಸಿಕ್ಕಾಗ ಹಿಡಿದಿಟ್ಟುಕೊಳ್ಳದೆ ಪುಶ್ ಮಾಡಿ ಜಾಗ ಬದಲಿಸಿದೆ. ನಮ್ಮವರು ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡಿದೆ. ಆಯ್ಕೆಗಾರರು ಇದನ್ನೇ ನೋಡುತ್ತಾರೆ ಎಂದು ನನ್ನ ನಂಬಿಕೆ. ಮೂವರನ್ನು ದಾಟುವ ಹುಡುಗ ಕಣ್ಣಿಗೆ ಬೀಳುತ್ತಾನೆ, ನಿಜ. ಆದರೆ ನಾಲ್ಕನೆಯವನ ಹತ್ತಿರ ಚೆಂಡು ಬಿಟ್ಟು ಸುಮ್ನೆ ನಿಂತರೆ ಅದೂ ಕಣ್ಣಿಗೆ ಬೀಳುತ್ತದೆ.

ಸಂಜೆ ಪಟ್ಟಿ ಓದಿದರು. ಲೆಫ್ಟ್ ಹಾಫ್‌ಗೆ ನನ್ನ ಹೆಸರಿತ್ತು. ಮರುದಿನದಿಂದಲೇ ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರದ ತಪ್ಪಿಗೆ ಎದುರಾಳಿಗೆ ಸಿಗುವ ಹೊಡೆತ) ತಡೆಯುವ ಅಭ್ಯಾಸ. ಗೋಲಿನಿಂದ ಮೊದಲು ಹೊರಗೆ ಓಡಿ, ಎದುರಾಳಿ ಚೆಂಡು ಎತ್ತಿ ಎಸೆಯುವ ಫ್ಲಿಕ್ ತಡೆಯುವ ಕೆಲಸವನ್ನು ಕೋಚ್ ನನಗೇ ಕೊಟ್ಟರು.