ಅಪ್ಪನ ಹವಾಯಿಯನ್ ಗಿಟಾರಿನಲ್ಲಿ ಬ್ಲೂಸ್: ನನ್ನ ಅನುಭವ

ಗಿಟಾರನ್ನ ತೊಡೆ ಮೇಲೆ ಮಲಗಿಸಿ, ತಂತಿ ಮೇಲೆ ಉಕ್ಕಿನ ತುಂಡು (ಸ್ಟೀಲ್) ಜಾರಿಸುತ್ತಾ ನುಡಿಸೋದು ಹವಾಯಿಯನ್ ಗಿಟಾರ್. ಅದರಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ನುಡಿಸೋಕೆ ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸೋ ಹುಡುಗ ಹೇಳಿದ. ಗಿಟಾರ್ ಅಂಗಡಿಯವರು ಹೇಳಿದರು. ಅಪ್ಪನ ಜೊತೆ ವರ್ಷಗಟ್ಟಲೆ ತಬಲಾ ಬಾರಿಸಿದ ಕಾಕಾ ಅಂತೂ "ಅಪ್ಪನ ಹೆಸರು ಕೆಡಸಬ್ಯಾಡೋ ತಮ್ಮಾ" ಅಂದೇಬಿಟ್ಟರು. ಈಗ ಬೆಂಗಳೂರಿನಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಷೋ ಅದೇ ಗಿಟಾರಿನಲ್ಲಿ ಮಾಡುತ್ತಿದ್ದೇನೆ. ದುಡ್ಡೂ ಬರುತ್ತಿದೆ. ಹಾಗಾಗಿ ಬರೆಯಬಹುದು ಅನ್ನಿಸಿತು.

ಎಂಬತ್ತರ ದಶಕದಲ್ಲಿ ಹುಬ್ಬಳ್ಳಿ, ಗದಗ ಕಡೆ ಆರ್ಕೆಸ್ಟ್ರಾ ಕೇಳಿದವರಿಗೆ ಅಪ್ಪನ ಪರಿಚಯ ಮಾಡಿಕೊಡಬೇಕಿಲ್ಲ. ಗಣಪತಿ ಪೆಂಡಾಲು, ಆರತಕ್ಷತೆ, ಜಾತ್ರೆ, ಎಲ್ಲ ಕಡೆ ಸಿನಿಮಾ ಹಾಡು, ಭಾವಗೀತೆ ನುಡಿಸುತ್ತಿದ್ದರು. ಮಗ ಅದೇ ಗಿಟಾರ್ ಹಿಡಿದು ಸ್ಟೇಜ್ ಹತ್ತಿದರೆ ಕೇಳೋದು ಒಂದೇ ಮಾತು. "ಅಪ್ಪಾರದ್ದು ಆ ಹಾಡು ಬಾರಸ್ರಿ."

ಈ ಕಾಟ ನನ್ನೊಬ್ಬನದೇ ಅಲ್ಲ ಬಿಡಿ. ಶಿಕಾಗೋ ಬ್ಲೂಸಿನ ದೊಡ್ಡ ಹೆಸರು ಮಡ್ಡಿ ವಾಟರ್ಸ್ 1983ರಲ್ಲಿ ತೀರಿಕೊಂಡ ಮೇಲೆ ಮಗ ಬಿಗ್ ಬಿಲ್ ಮಾರ್ಗನ್‌ಫೀಲ್ಡ್ ಗಿಟಾರ್ ಕಲಿಯೋಕೆ ಕೂತರು. ವೃತ್ತಿಯಲ್ಲಿ ಮೇಷ್ಟರು. ಮೊದಲ ಆಲ್ಬಂ ಬಂದಿದ್ದು 1999ರಲ್ಲಿ, ನಲವತ್ತು ದಾಟಿದ ಮೇಲೆ. ಸೆಡ್ರಿಕ್ ಬರ್ನ್‌ಸೈಡ್ ಹುಡುಗನಾಗಿದ್ದಾಗಲೇ ಮಿಸಿಸಿಪ್ಪಿಯ ಬ್ಲೂಸ್ ಗಿಟಾರಿಸ್ಟ್ ಆಗಿದ್ದ ತಾತ ಆರ್.ಎಲ್. ಬರ್ನ್‌ಸೈಡ್ ಹಿಂದೆ ಡ್ರಮ್ಸ್ ಬಾರಿಸಿದವರು. ಗಿಟಾರ್ ಹಿಡಿದು ಮುಂದೆ ಬಂದಿದ್ದು ಆಮೇಲೆ. 2022ರಲ್ಲಿ ಗ್ರ್ಯಾಮಿಯೂ ಬಂತು. ಶೆಮೆಕಿಯಾ ಕೋಪ್ಲೆಂಡ್ ಅಪ್ಪ ಜಾನಿ ಕೋಪ್ಲೆಂಡ್ ಅವರ ಗಿಟಾರಿನ ದಾರಿ ಹಿಡಿಯದೆ ಗಂಟಲು ನಂಬಿಕೊಂಡರು. ಇವರನ್ನೆಲ್ಲ ಕೇಳಿ ಕೇಳಿ ನಾನು ಒಂದು ತೀರ್ಮಾನ ಮಾಡಿದೆ. ಅಪ್ಪನಿಂದ ಎಡಗೈ ಮಾತ್ರ ತಗೊಳ್ಳೋದು. ಬಲಗೈ, ತಂತಿ, ಶ್ರುತಿ ಎಲ್ಲ ನನ್ನವು.

ಶ್ರುತಿಯ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಅಪ್ಪ ಕಟ್ಟುತ್ತಿದ್ದದ್ದು ದಪ್ಪ ತಂತಿಯಿಂದ ಇ, ಎ, ಇ, ಎ, ಸಿ ಶಾರ್ಪ್, ಇ. ಇಡೀ ಸೆಟ್ಟನ್ನ ಎರಡು ಮನೆ (ಗಿಟಾರಿನ ಎರಡು ಗೆರೆಯಷ್ಟು) ಇಳಿಸಿದರೆ ಡಿ, ಜಿ, ಡಿ, ಜಿ, ಬಿ, ಡಿ. ಮಡ್ಡಿ ವಾಟರ್ಸ್ ಸ್ಲೈಡ್ (ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸೋ ಕೊಳವೆ) ನುಡಿಸುತ್ತಿದ್ದ ಓಪನ್ ಜಿ, ಅಂದರೆ ಖಾಲಿ ತಂತಿ ಮೀಟಿದರೇ ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರುವ ಶ್ರುತಿ, ಇದೇ ಅಲ್ವಾ? ಇದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಇಳಿಸಿದೆ. ತಂತಿ ಸಡಿಲ ಬಿತ್ತು, ಸ್ಟೀಲ್ ಇಟ್ಟರೆ ಗರಗರ ಸದ್ದು. ಸರಿ, ದಪ್ಪ ತಂತಿ ಹಾಕೋಣ ಅಂತ ಮೊದಲನೆಯದಕ್ಕೆ 17, ಕೊನೆಯದಕ್ಕೆ 58 ಗೇಜಿನದು (ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ) ಹಾಕಿದೆ. ಮೂರನೇ ದಿನಕ್ಕೆ ತಂತಿ ಕಟ್ಟುವ ಬ್ರಿಜ್ ಒಂದು ಕಡೆ ಎದ್ದು ಕೂತಿತು. ಕೋಲ್ಕತ್ತಾದಲ್ಲಿ ಮಾಡಿದ ಹಳೇ ಪೆಟ್ಟಿಗೆ, ಅಂಟು ಒಣಗಿ ಹೋಗಿತ್ತು. ರಿಪೇರಿಗೆ ನಾಲ್ಕೂವರೆ ಸಾವಿರ. ರಿಪೇರಿ ಮಾಡಿದವರು ನಟ್ಟನ್ನ (ತಲೆಕಡೆ ತಂತಿಗಳನ್ನ ಎತ್ತಿ ಹಿಡಿಯುವ ಪಟ್ಟಿ) ತೆಗೆದು ವಾಪಸ್ ಹಾಕುವಾಗ ತಗ್ಗಿಸಿಬಿಟ್ಟರು, ತಂತಿ ಹೋಗಿ ಗೆರೆಗೆ ತಾಗೋಕೆ ಶುರುವಾಯ್ತು. ಮತ್ತೆ ಎರಡು ಸಾವಿರ, ಬೇರೆಯವರ ಹತ್ತಿರ. ತಂತಿಯ ಸದ್ದನ್ನ ಆಂಪ್ಲಿಫೈಯರಿಗೆ ಕಳಿಸೋ ಪಿಕಪ್ಪಿನ ಕಥೆ ಇನ್ನೂ ಜಾಸ್ತಿ. ಅಗ್ಗದ್ದು ಎರಡು ಹಾಕಿ ನೋಡಿದೆ, ಎರಡೂ ಗುಂಯ್ ಅಂತ ಅಳುತ್ತಿದ್ದವು. ಪಬ್ಬುಗಳಲ್ಲಿ ಅರ್ಥಿಂಗ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ತಂತಿ, ಪಿಕಪ್, ರಿಪೇರಿ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿದೆ. ಹೆಂಡತಿಗೆ ಹೇಳಿರೋದು ಇಪ್ಪತ್ತೈದು.

ಸ್ಟೀಲಿನ ಹಿಂದೆಯೂ ಒಂದಷ್ಟು ದಿನ ಅಲೆದೆ. ಅಪ್ಪನ ಸ್ಟೀಲು ಹಗುರ, ನುಣುಪು, ಹಾಡಿಗೆ ಸರಿ. ನನಗೆ ಒರಟುತನ ಬೇಕಿತ್ತು. ಬ್ಲ್ಯಾಕ್ ಏಸ್ ಅನ್ನೋ ಬ್ಲೂಸ್ ಗಿಟಾರಿಸ್ಟ್ ಟೆಕ್ಸಸ್ಸಿನಲ್ಲಿ ತೊಡೆ ಮೇಲೆ ಗಿಟಾರ್ ಇಟ್ಟುಕೊಂಡು ಔಷಧಿ ಬಾಟಲಿಯಲ್ಲಿ ನುಡಿಸುತ್ತಿದ್ದರು ಅಂತ ನಾನೂ ಬಾಟಲಿ ಹಿಡಿದೆ. ದಪ್ಪ ತಂತಿ ಮೇಲೆ ಜಾರಿ ಜಾರಿ ಹೋಯ್ತು. ಜೆ.ಸಿ. ರೋಡಿನಲ್ಲಿ ಬುಲೆಟ್ ಬೈಕಿನ ಹಳೇ ಪಿಸ್ಟನ್ ಪಿನ್ನು ಸಿಕ್ಕಿತು, ಎಂಬತ್ತು ರೂಪಾಯಿ. ಸದ್ದು ಅದ್ಭುತ, ಆದರೆ ಒಳಗೆ ಟೊಳ್ಳು, ಹಿಡಿತ ಸಿಗಲ್ಲ. ಒಳಗೆ ಸೀಸ ತುಂಬಿಸಿದೆ. ಆಮೇಲೆ ಅದರ ಮೂತಿಗೆ ಇನ್ನೊಂದು ಕೆಲಸ ಮಾಡಿದ್ದೇನೆ, ಅದನ್ನ ಇಲ್ಲಿ ಬರೆಯಲ್ಲ.

ಅಂದಹಾಗೆ, ತೊಡೆ ಮೇಲೆ ಬ್ಲೂಸ್ ಆಗಲ್ಲ ಅನ್ನುವವರು ಫ್ರೆಡ್ಡಿ ರೂಲೆಟ್ ಕೇಳಿಲ್ಲ. ಶಿಕಾಗೋದಲ್ಲಿ ಬ್ಲೂಸ್ ಗಿಟಾರಿಸ್ಟ್ ಅರ್ಲ್ ಹೂಕರ್ ಜೊತೆ ಲ್ಯಾಪ್ ಸ್ಟೀಲ್, ಅಂದರೆ ತೊಡೆ ಮೇಲಿನ ಗಿಟಾರೇ, ನುಡಿಸಿದವರು. ಅಷ್ಟೇ ಯಾಕೆ, 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ತಂತಿ ಮೇಲೆ ಚಾಕು ಒತ್ತಿ ನುಡಿಸೋದನ್ನ ಕೇಳಿದ ಬ್ಲೂಸ್ ಸಂಗೀತ ಸಂಯೋಜಕ ಡಬ್ಲ್ಯೂ.ಸಿ. ಹ್ಯಾಂಡಿ, ಅದು ಹವಾಯಿ ಗಿಟಾರಿನವರ ರೀತಿ ಅಂತಲೇ ಬರೆದಿದ್ದಾರೆ. ಬೇಸ್ ಹುಡುಗನಿಗೆ ಇದನ್ನ ಹೇಳಿದಾಗ ಸುಮ್ನೆ ತಲೆ ಅಲ್ಲಾಡಿಸಿದ.

ನಿಜವಾದ ತೊಂದರೆ ಬೇರೆ ಇತ್ತು. ಉದ್ದ ಸ್ಟೀಲು ಅಡ್ಡ ಇಟ್ಟರೆ ಆರೂ ತಂತಿ ಮುಚ್ಚಿಹೋಗುತ್ತೆ. ಕಿರುಬೆರಳಿಗೆ ಸ್ಲೈಡ್ ಹಾಕಿದವನು ಉಳಿದ ಬೆರಳಲ್ಲಿ ಬೇಸ್ (ದಪ್ಪ ತಂತಿಯ ಕೆಳಗಿನ ಸ್ವರಗಳು) ಓಡಿಸುತ್ತಾನೆ. ನನಗೆ ಆ ಸವಲತ್ತಿಲ್ಲ. ಬೇಸ್ ಇಲ್ಲದೆ ಒಬ್ಬನೇ ಕೂತು ನುಡಿಸಿದರೆ ಸಿನಿಮಾ ಹಾಡಿನ ಹಾಗೇ ಕೇಳಿಸುತ್ತಿತ್ತು. ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಕೊಂಡಿದ್ದೆ.

ದಾರಿ ಸಿಕ್ಕಿದ್ದು ಬರ್ನ್‌ಸೈಡ್ ಮನೆತನದವರಿಂದ. ಉತ್ತರ ಮಿಸಿಸಿಪ್ಪಿಯ ಗುಡ್ಡದ ಕಡೆಯವರ ಬ್ಲೂಸಿನಲ್ಲಿ ಎಷ್ಟೋ ಸಲ ಒಂದೇ ಕಾರ್ಡ್, ಕೆಳಗೆ ಒಂದೇ ಸ್ವರ ಗುಂಯ್‌ಗುಡುತ್ತಾ ಇರುತ್ತೆ. ನಮಗೆ ತಂಬೂರಿ ಗೊತ್ತಿಲ್ವಾ? ಸ್ಟೀಲಿನ ಹಿಂಭಾಗ ಎತ್ತಿ, ಮೂತಿಯನ್ನ ಮಾತ್ರ ಮೇಲಿನ ಸ್ವರದ ಎರಡು ಸಣ್ಣ ತಂತಿಗೆ ತಾಗಿಸಿದೆ. ದಪ್ಪ ತಂತಿಗಳು ಖಾಲಿ ಬಿದ್ದವು. ಹೆಬ್ಬೆರಳು ಐದನೇ ತಂತಿಯ ಜಿ ಮೇಲೆ ಬಡಿಯುತ್ತಾ ಹೋಯ್ತು. ಹನ್ನೆರಡು ಬಾರ್, ಅಂದರೆ ಒಂದು, ನಾಲ್ಕು, ಐದನೇ ಸ್ವರದ ಕಾರ್ಡುಗಳು ಹನ್ನೆರಡು ಆವರ್ತದಲ್ಲಿ ಸುತ್ತಿ ಬರುವ ಬ್ಲೂಸ್, ಬೇಕಾದರೆ ನಾಲ್ಕನೇ ಕಾರ್ಡಿಗೂ ಆ ಜಿ ನಡೆಯುತ್ತೆ. ಐದನೆಯದಕ್ಕೆ ಮಾತ್ರ ಹೆಬ್ಬೆರಳು ಡಿ ತಂತಿಗೆ ಹಾರಬೇಕು. ಇಷ್ಟೇ.

ಇಷ್ಟೇ ಅಂದೆ, ಆದರೆ ಸ್ಟೀಲಿನ ಹಿಂದೆ ತಂತಿ ಒದರದ ಹಾಗೆ ಉಂಗುರ ಬೆರಳು, ಕಿರುಬೆರಳು ಎಳೆದುಕೊಂಡು ಹೋಗಬೇಕಲ್ಲ. ಅವು ಹೋಗಿ ಖಾಲಿ ಬೇಸ್ ತಂತಿಯನ್ನೂ ಸಾಯಿಸುತ್ತವೆ. ಅದನ್ನ ಹೇಗೆ ತಪ್ಪಿಸುತ್ತೇನೆ ಅನ್ನೋದನ್ನ ಷೋಗೆ ಬಂದು ಮುಂದಿನ ಸಾಲಲ್ಲಿ ಕೂತವರು ನೋಡಿಕೊಳ್ಳಲಿ.

ಇನ್ನು ಗಾಂಧಾರ. ಮೊದಲ ತಂತಿಯಲ್ಲಿ ಐದನೇ ಗೆರೆ ಷಡ್ಜ, ಎಂಟನೆಯದು ಕೋಮಲ ಗಾಂಧಾರ, ಒಂಬತ್ತನೆಯದು ಶುದ್ಧ. ಬ್ಲೂಸಿನ ಗಾಂಧಾರ ಈ ಎರಡರ ಮಧ್ಯೆ ಎಲ್ಲೋ ಇದೆ, ಅದೂ ಒಂದು ಕಡೆ ನಿಲ್ಲಲ್ಲ. ಅಪ್ಪನ ಹತ್ತಿರ ಕಲಿತ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು) ಇಲ್ಲಿ ಕೈ ಹಿಡಿಯಿತು. ಎಂಟರ ಮೇಲೆ ಇಟ್ಟು, ಒಂಬತ್ತರ ಕಡೆ ಎಳೆದು, ತಲುಪೋಕೆ ಮೊದಲೇ ಬಿಡೋದು. ಕಂಪನ ಮಾತ್ರ ಪೂರ್ತಿ ಬದಲಾಯಿಸಬೇಕಾಯ್ತು. ಅಪ್ಪನದು ಅಗಲ, ನಿಧಾನ. ಮಡ್ಡಿಯದು ಚಿಕ್ಕದು, ಚುರುಕು. ನಲವತ್ತು ವರ್ಷ ಕೇಳಿದ ಕಂಪನವನ್ನ ಮಣಿಕಟ್ಟಿನಿಂದ ಇಳಿಸೋಕೆ ಒಂದು ವರ್ಷದ ಮೇಲೇ ಹಿಡಿಯಿತು.

ಮಧ್ಯೆ ಜೋಗ್ ರಾಗದ ಹುಚ್ಚೂ ಹಿಡಿದಿತ್ತು. ಎರಡೂ ಗಾಂಧಾರ ಇದೆ, ಬ್ಲೂಸಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಒಂದು ಐಟಂ ಕಟ್ಟಿದೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮಾರನೇ ವಾರ ಒಂದು ರೆಸಾರ್ಟಿನವರು ಫೋನ್ ಮಾಡಿ "ಫ್ಯೂಷನ್ ಮಾಡ್ತೀರಂತೆ, ಹೊಸ ವರ್ಷಕ್ಕೆ ಬನ್ನಿ" ಅಂದರು. ಅವತ್ತೇ ಅದನ್ನ ಬಿಟ್ಟೆ. ಶರೀಫರ ತತ್ವಪದವನ್ನ ಹನ್ನೆರಡು ಬಾರಿಗೆ ಕೂರಿಸೋಕೂ ನೋಡಿದೆ. ಬ್ಲೂಸಿನಲ್ಲಿ ಒಂದು ಸಾಲು ಎರಡು ಸಲ ಹಾಡಿ ಮೂರನೆಯದರಲ್ಲಿ ಉತ್ತರ ಕೊಡಬೇಕು. ತತ್ವಪದದಲ್ಲಿ ಪಲ್ಲವಿ ಬಂದು ಬಂದು ಬಾಗಿಲು ಬಡಿಯುತ್ತೆ. ಕೂರಲಿಲ್ಲ.

ಮೊದಲ ಷೋಗೆ ಪಬ್ಬಿನವರು ಕೊಟ್ಟದ್ದು ಮೂರು ಸಾವಿರ, ಮೂವರಿಗೆ. ಅದೂ ಎರಡು ತಿಂಗಳು ಸತಾಯಿಸಿ. ಅಪ್ಪನ ಹಾಡು ಬಾರಿಸಲು ಮದುವೆಗೆ ಹೋಗಿದ್ದರೆ ನನ್ನೊಬ್ಬನಿಗೇ ಎಂಟು ಸಾವಿರ ಸಿಗುತ್ತಿತ್ತು. ಈಗ ಒಬ್ಬನೇ ಕೂತರೆ ಹನ್ನೆರಡರಿಂದ ಹದಿನೈದು ಕೇಳುತ್ತೇನೆ, ಕೊಡುತ್ತಾರೆ. ಬೇಸ್ ಹುಡುಗನಿಗೆ ಈಗ ಕೆಲಸ ಕಮ್ಮಿ. ನನ್ನ ಹೆಬ್ಬೆರಳೇ ಸಾಕು ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಅಪ್ಪ ಒಂದು ಸಲ ಬಂದು ಕೇಳಿದರು. ಪೂರ್ತಿ ಕೂತಿದ್ದರು. ಮನೆಗೆ ಬಂದ ಮೇಲೆ "ಷಡ್ಜಕ್ಕ ಬರೂದರಾಗ ಯಾಕ ಬಿಡ್ತೀಯೋ? ಅರ್ಧಾ ಉಣಿಸಿ ಎಬ್ಬಿಸಿದಂಗ ಆಗ್ತದ" ಅಂದರು. ಆಮೇಲೆ ಪಿಸ್ಟನ್ ಪಿನ್ನು ಕೈಯಲ್ಲಿ ತೂಗಿ ನೋಡಿ, "ಇಂಥಾದ್ದು ನನಗೂ ಒಂದು ಮಾಡಸು" ಅಂದರು.

ಮಾಡಿಸಬೇಕು. ಆದರೆ ಅದೇ ಅಳತೆಯ ಪಿನ್ನು ಜೆ.ಸಿ. ರೋಡಿನಲ್ಲಿ ಮತ್ತೆ ಸಿಕ್ಕಿಲ್ಲ. ಹೊಸದು ಐನೂರು ಹೇಳುತ್ತಾರೆ, ಅದರ ಸದ್ದೂ ಬೇರೆ. ಯಾರಾದರೂ ಹಳೇ ಬುಲೆಟ್ ಎಂಜಿನ್ ಬಿಚ್ಚಿಸುತ್ತಿದ್ದರೆ ಪಿನ್ನು ಗುಜರಿಗೆ ಹಾಕಬೇಡಿ, ನನಗೆ ಹೇಳಿ.