ಮೇ ಬಿಸಿಲಲ್ಲಿ ನನ್ನ ಪದ್ಮಿನಿ ಹೊಸಪೇಟೆ ಮುಟ್ಟಿತು

ಮಟಮಟ ಮಧ್ಯಾಹ್ನ ಬಳ್ಳಾರಿಯಿಂದ ಹೊಸಪೇಟೆಗೆ ನನ್ನ ಹಳೇ ಪದ್ಮಿನಿ ಕಾರು ಒಯ್ಯುತ್ತೇನೆ ಅಂದಾಗ ಅಕ್ಕನ ಮಗ ನಂಬಲಿಲ್ಲ. “ಹಗ್ಗ ತಗೊಂಡು ಹಿಂದೇ ಬರ್ತೀನಿ ಮಾಮಾ” ಅಂದ. ಅವನದು ಸ್ವಿಫ್ಟ್. ಹಿಂದಿನ ಎರಡು ಬೇಸಿಗೆಯೂ ತೋರಣಗಲ್ಲು ದಾಟುವುದರೊಳಗೆ ನನ್ನ ಗಾಡಿ ನಿಂತಿತ್ತು. ಅದಿರು ಲಾರಿಗಳ ಹಿಂದೆ ಸೆಕೆಂಡ್ ಗೇರಲ್ಲಿ ಹೋಗುವಾಗ ಮೊದಲು ಜಗ್ಗುತ್ತೆ, ಆಮೇಲೆ ಕೆಮ್ಮುತ್ತೆ, ಆಮೇಲೆ ಸದ್ದೇ ಇಲ್ಲ. ವೇಪರ್ ಲಾಕ್, ಅಂದರೆ ಪೆಟ್ರೋಲು ಬಿಸಿಗೆ ಪೈಪಿನಲ್ಲೇ ಕುದಿದು ಆವಿಯಾಗಿ ಇಂಜಿನ್ನಿಗೆ ಹೋಗದೆ ನಿಲ್ಲೋದು. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಕಾಯಬೇಕು.

ಎಲ್ಲರೂ ರೇಡಿಯೇಟರ್ ಅಂದರು. ಹೊಸ ಕೋರ್ ಹಾಕಿಸಿದೆ, ಆರೇಳು ಸಾವಿರ ಹೋಯಿತು. ಟೆಂಪರೇಚರ್ ಮುಳ್ಳು ಇಳಿಯಿತು, ಗಾಡಿ ನಿಲ್ಲೋದು ಮಾತ್ರ ತಪ್ಪಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಕೆಳಗೆ, ಇಂಜಿನ್ ಬಿಸಿ ತಾಗದಿರಲಿ ಅಂತ ದಪ್ಪ ಬೇಕಲೈಟ್ ಪ್ಯಾಕಿಂಗ್ ಕೊಟ್ಟೆ. ಸ್ವಲ್ಪ ಗುಣ ಕಂಡಿತು, ಅಷ್ಟೇ.

ದಾರಿ ತೋರಿಸಿದ್ದು ಅಕ್ಕನ ಮಗನ ಸ್ವಿಫ್ಟೇ. ಅದರ ಪಂಪು ಟ್ಯಾಂಕಿನೊಳಗೇ ಇದೆ, ಪೆಟ್ರೋಲನ್ನು ಹಿಂದಿನಿಂದ ಒತ್ತಿ ಕಳಿಸುತ್ತೆ. ನನ್ನದು ಇಂಜಿನ್ ಮೈಗೆ ಅಂಟಿಕೊಂಡು ಅಷ್ಟು ದೂರದಿಂದ ಎಳೆಯುತ್ತೆ. ಎಳೆತಕ್ಕೆ ಸಿಕ್ಕ ಬಿಸಿ ಪೆಟ್ರೋಲು ಬೇಗ ಕುದಿಯುತ್ತೆ ಅಲ್ವಾ? ಪಂಪನ್ನೇ ಹಿಂದಕ್ಕೆ ಒಯ್ಯೋಣ ಅಂತ ಇಂಜೆಕ್ಷನ್ ಗಾಡಿಯ ಪಂಪ್ ತಂದೆ. ದೊಡ್ಡ ತಪ್ಪು. ಅದರ ಪ್ರೆಶರ್ 40 ಪಿಎಸ್ಐ ಮೇಲೆ, ಕಾರ್ಬೊರೇಟರಿಗೆ 3 ಸಾಕು. ಕೀ ತಿರುಗಿಸಿದ್ದೇ ತಡ, ಕಾರ್ಬೊರೇಟರ್ ಒಳಗೆ ಪೆಟ್ರೋಲು ತಡೆಯುವ ನೀಡಲ್ ತಡೆಯಲಾರದೆ ಪೆಟ್ರೋಲು ಉಕ್ಕಿ ಶೆಡ್ಡಿನ ನೆಲಕ್ಕೆ ಸುರಿಯಿತು. ಇಂಜಿನ್ ತಣ್ಣಗಿತ್ತು, ಬಚಾವಾದೆ. ಎರಡೂವರೆ ಸಾವಿರ ದಂಡ.

ಆಮೇಲೆ ಕಡಿಮೆ ಪ್ರೆಶರ್‌ನ ಎಲೆಕ್ಟ್ರಿಕ್ ಪಂಪ್, 1,800ರ ಆಸುಪಾಸು. ಟ್ಯಾಂಕ್ ಪಕ್ಕ ರಬ್ಬರ್ ಬುಷ್ ಮೇಲೆ ಕೂರಿಸಿದೆ. ಇಂಜಿನ್ ನಿಂತರೆ ಪಂಪೂ ನಿಲ್ಲಲಿ ಅಂತ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ರಿಲೇ (ಪಂಪಿನ ಕರೆಂಟು ತಾನೇ ಕಡಿಯುವ ಸ್ವಿಚ್ಚು) ಕೊಟ್ಟೆ. ಇದನ್ನು ಬಿಡಲೇಬೇಡಿ. ಪೈಪನ್ನು ಯಾವ ದಾರಿಯಲ್ಲಿ ತಂದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ, ಅದಕ್ಕೆ ನಾಲ್ಕು ಭಾನುವಾರ ಕೊಟ್ಟಿದ್ದೇನೆ.

ನಡುವೆ ಮಾರುತಿ 800ರ ಹಳೇ ಫ್ಯಾನನ್ನೂ ರೇಡಿಯೇಟರ್ ಮುಂದೆ ಕಟ್ಟಿ ನೋಡಿದೆ. ಗಾಳಿ ಚೆನ್ನಾಗಿತ್ತು. ರಾತ್ರಿ ಹೆಡ್‌ಲೈಟ್ ಜೊತೆ ಬ್ಯಾಟರಿ ಇಳಿದುಹೋಯಿತು, ಬಿಚ್ಚಿಟ್ಟೆ.

ಆ ದಿನ 42 ಡಿಗ್ರಿ ಇತ್ತು. ತೋರಣಗಲ್ಲಿನಲ್ಲಿ ಲಾರಿಗಳ ಹಿಂದೆ ಸುಮಾರು 20 ನಿಮಿಷ ತೆವಳಿದೆವು. ಒಂದು ಸಲವೂ ಜಗ್ಗಲಿಲ್ಲ. ಎಸಿ, ಬ್ರೇಕು, ಮೈಲೇಜು ಎಲ್ಲದರಲ್ಲೂ ಸ್ವಿಫ್ಟೇ ಮೇಲು. ಅವನಿಗೆ ಲೀಟರಿಗೆ 18 ಬಂತು, ನನಗೆ 13. ಆದರೆ ಹೊಸಪೇಟೆಯಲ್ಲಿ ಬಾನೆಟ್ ಎತ್ತಿ, ಕಾರ್ಬೊರೇಟರಿಗೆ ಬರುವ ಪೈಪನ್ನು ಬರಿಗೈಲಿ ಹಿಡಿದು ತೋರಿಸಿದೆ. ಅವನೂ ಹಿಡಿದು ನೋಡಿದ. “ಸುಡ್ತಿಲ್ವಲ್ಲ ಮಾಮಾ” ಅಂದ.